ನಾಬ್ ಒಂದೇ, ಕೆಲಸ ಮೂರು

ಅಪ್ಪನ ಹಳೆಯ ವೆಲ್ಡಿಂಗ್ ಮಷಿನ್‌ಗೆ ಇದ್ದದ್ದು ಒಂದೇ ಹಿಡಿಕೆ. ತಿರುಗಿಸಿದರೆ ಒಳಗಿನ ಕಬ್ಬಿಣದ ಗಟ್ಟಿ ಸರಿಯುತ್ತಿತ್ತು, ಮುಳ್ಳು 80, 100, 120 ಎಂದು ತೋರಿಸುತ್ತಿತ್ತು. ಅಷ್ಟೇ. ಅಂಕೋಲಾದಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯ ಪಕ್ಕ ನಮ್ಮ ಶೆಡ್. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಲ್ಲಿ ದುಡಿದದ್ದು ಆ ಮಷಿನ್ನೇ. ಅದನ್ನು ಟೆಂಪೋಗೆ ಹತ್ತಿಸಲು ನಾಲ್ಕು ಜನ ಬೇಕಿತ್ತು. ಅಪ್ಪನಿಗೆ ಬೆನ್ನುನೋವು ಶುರುವಾದ ಮೇಲೆ ಹೊರಗಿನ ಕೆಲಸ ಒಪ್ಪಿಕೊಳ್ಳುವುದೇ ಕಷ್ಟವಾಯಿತು. ಅದಕ್ಕೇ ನಾನು 200 ಆಂಪಿಯರ್‌ನ ಇನ್ವರ್ಟರ್ ವೆಲ್ಡಿಂಗ್ ಮಷಿನ್ ತಂದೆ. ರಾಡ್ ಹಿಡಿದು ಹೊಡೆಯುವ ಸ್ಟಿಕ್, ಟಾರ್ಚ್‌ನಿಂದ ತಂತಿ ತಾನೇ ಬರುವ ಮಿಗ್, ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ಟಿಗ್, ಮೂರೂ ಅದರಲ್ಲೇ ಇದೆ. ಒಬ್ಬನೇ ಎತ್ತಿ ರಿಕ್ಷಾದಲ್ಲಿ ಇಟ್ಟುಕೊಂಡು ಹೋಗಬಹುದು.

ಮಷಿನ್ ಮುಂದೆ ಎರಡು ನಾಬ್, ಒಂದು ಮೋಡ್ ಬಟನ್, ಅಂಕಿ ತೋರಿಸುವ ಸಣ್ಣ ಪರದೆ. ನೋಡಿದರೆ ಸುಲಭ. ಆದರೆ ಮೋಡ್ ಬದಲಿಸಿದ ಕೂಡಲೇ ಅದೇ ನಾಬ್‌ಗೆ ಬೇರೆಯೇ ಕೆಲಸ ಬರುತ್ತದೆ. ಸ್ಟಿಕ್‌ನಲ್ಲಿ ಎಡಗಡೆಯದು ಆಂಪಿಯರ್. ಮಿಗ್‌ಗೆ ಹಾಕಿದರೆ ಅದೇ ನಾಬ್ ತಂತಿಯ ವೇಗ. ಬಲಗಡೆಯದು ಸ್ಟಿಕ್‌ನಲ್ಲಿ ಹಾಟ್ ಸ್ಟಾರ್ಟ್ ಮತ್ತು ಆರ್ಕ್ ಫೋರ್ಸ್, ಮಿಗ್‌ನಲ್ಲಿ ವೋಲ್ಟ್. ಟಿಗ್‌ಗೆ ಹೋದರೆ ಬಲಗಡೆಯದಕ್ಕೆ ಕೆಲಸವೇ ಇಲ್ಲ. ಈ ಮಾತನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನ್ನ ಎಷ್ಟೋ ಪೈಪು ಉಳಿಯುತ್ತಿದ್ದವು.

ಮೊದಲ ಕೆಲಸ ಒಂದು ಗೇಟ್. 1.6 ಎಂಎಂ ದಪ್ಪದ ಸ್ಕ್ವೇರ್ ಪೈಪ್. 2 ಎಂಎಂನ 6013, ಅಂದರೆ ಗೇಟ್ ಕೆಲಸದ ಮಾಮೂಲಿ ರಾಡ್, ಹಿಡಿದು 50 ಆಂಪಿಯರ್‌ಗೆ ಇಟ್ಟೆ. ಹಳೇ ಮಷಿನ್‌ನಲ್ಲಿ ಅಪ್ಪ ಹೆಚ್ಚುಕಡಿಮೆ ಅಷ್ಟಕ್ಕೇ ಇಡುತ್ತಿದ್ದರು. ರಾಡ್ ಮುಟ್ಟಿಸಿದ ಜಾಗದಲ್ಲೇ ತೂತು ಬಿತ್ತು. 45ಕ್ಕೆ ಇಳಿಸಿದೆ. ಮತ್ತೆ ತೂತು. 40ಕ್ಕೆ ಇಳಿಸಿದರೆ ಶುರುವಿನಲ್ಲಿ ತೂತು, ಮುಂದೆ ಹೋದರೆ ಬೀಡ್, ಅಂದರೆ ವೆಲ್ಡಿಂಗ್‌ನ ಗೆರೆ, ಮೇಲೆ ಮೇಲೆಯೇ ಕೂರುತ್ತದೆ, ಒಳಗೆ ಇಳಿಯುವುದೇ ಇಲ್ಲ. ಒಂದೇ ರಾಡ್ ಶುರುವಿನಲ್ಲಿ ಜಾಸ್ತಿ ಸುಡುತ್ತದೆ, ನಡುವೆ ಕಡಿಮೆ. ನನಗೆ ತಲೆಬುಡ ತಿಳಿಯಲಿಲ್ಲ.

ಆ ಸಂಜೆ ಮಾಮ ಬಂದಿದ್ದರು. ಅಮ್ಮನ ಅಣ್ಣ. ಗೋವಾದ ಕಡೆ ಹಡಗು ಕಟ್ಟುವ ಕೆಲಸದಲ್ಲಿ ಬಹಳ ವರ್ಷ ವೆಲ್ಡರ್ ಆಗಿದ್ದವರು. ಪೈಪನ್ನು ತಿರುಗಿಸಿ ನೋಡಿ, "ತಮಾ, ಹಾಟ್ ಸ್ಟಾರ್ಟ್ ಎಷ್ಟಿದೆ?" ಎಂದು ಕೇಳಿದರು.

ಅಂಥದ್ದೊಂದು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬಲಗಡೆಯ ನಾಬ್ ಒತ್ತಿದಾಗ ಪರದೆಯ ಮೇಲೆ 50 ಶೇಕಡಾ ಎಂದು ಬಂತು. ಅಂದರೆ ನಾನು 50 ಆಂಪಿಯರ್ ಇಟ್ಟರೆ ರಾಡ್ ಮುಟ್ಟಿದ ಆ ಒಂದು ಗಳಿಗೆ ಮಷಿನ್ ಕೊಡುತ್ತಿದ್ದದ್ದು 75. ದಪ್ಪ ಪ್ಲೇಟಿಗೆ ಇದು ಬೇಕು. ತಣ್ಣಗಿರುವ ಕಬ್ಬಿಣಕ್ಕೆ ರಾಡ್ ಅಂಟಿ ನಿಲ್ಲದ ಹಾಗೆ ಮಾಡುತ್ತದೆ. ತೆಳು ಪೈಪಿಗೆ ಇದೇ ಶತ್ರು. ಮಾಮ ಅದನ್ನು ಸೊನ್ನೆಗೆ ತಂದರು. ಆಮೇಲೆ ಹೋಲ್ಡರ್ ಮತ್ತು ಅರ್ಥ್ ಕ್ಲ್ಯಾಂಪ್‌ನ ಕೇಬಲ್‌ಗಳನ್ನು ಕಿತ್ತು ಅದಲುಬದಲು ಮಾಡಿದರು. ಈಗ ಹೋಲ್ಡರ್ ಮೈನಸ್‌ಗೆ, ಅರ್ಥ್ ಪ್ಲಸ್‌ಗೆ.

"6013 ರಾಡ್ ಯಾವ ಕಡೆಗಾದರೂ ಉರಿಯುತ್ತದೆ. ಪ್ಲಸ್‌ಗೆ ಹಾಕಿದರೆ ಆಳಕ್ಕೆ ಹೊಡೆಯುತ್ತದೆ. ಮೈನಸ್‌ಗೆ ಹಾಕಿದರೆ ಮೇಲಿಂದ ಮೆತ್ತಗೆ ಹೋಗುತ್ತದೆ. ತೆಳು ಮಾಲಿಗೆ ಮೈನಸ್ ಒಳ್ಳೆಯದು" ಎಂದರು. ಅಪ್ಪನ ಹಳೇ ಮಷಿನ್ ಎಸಿ. ಅದರಲ್ಲಿ ಪ್ಲಸ್ ಮೈನಸ್ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಈ ಮಾತು ಬಂದೇ ಇರಲಿಲ್ಲ. ಕೇಬಲ್ ಬದಲಿಸಿ, ಹಾಟ್ ಸ್ಟಾರ್ಟ್ ತೆಗೆದು, 48ಕ್ಕೆ ಇಟ್ಟು ಹೊಡೆದೆ. ತೂತಿಲ್ಲ. ಬೀಡ್ ಮೇಲೆ ಗಟ್ಟಿಯಾಗುವ ಪೊರೆ, ಸ್ಲಾಗ್, ಸುತ್ತಿಗೆ ತಾಗಿಸುವ ಮೊದಲೇ ಎದ್ದು ಬಂತು. ಕೆಳಗೆ ಮೀನಿನ ಹುರುಪೆಯ ಹಾಗೆ ಒಂದೇ ಸಮನೆ ಸಾಲು.

ಮರುದಿನ ಮಾಮ ಕಲಿಸಿದ ರೀತಿ ನನಗೆ ಈಗಲೂ ಉಪಯೋಗಕ್ಕೆ ಬರುತ್ತದೆ. ಗುಜರಿಯಿಂದ 5 ಎಂಎಂ ಪಟ್ಟಿಗಳನ್ನು ತೆಗೆದು ಸಾಲಾಗಿ ಇಟ್ಟರು. 3.15 ಎಂಎಂ ರಾಡಿನಲ್ಲಿ 90ರಿಂದ ಶುರು ಮಾಡಿ ಹತ್ತು ಹತ್ತು ಆಂಪಿಯರ್ ಏರಿಸುತ್ತಾ 140ರವರೆಗೆ ಒಂದೊಂದು ಗೆರೆ ಹೊಡೆಸಿದರು. ಪ್ರತಿ ಗೆರೆಯ ಪಕ್ಕ ಚಾಕ್‌ನಲ್ಲಿ ಅಂಕಿ ಬರೆಸಿದರು. 90ರ ಗೆರೆ ಹಗ್ಗ ಇಟ್ಟ ಹಾಗೆ ಉಬ್ಬಿ ನಿಂತಿತ್ತು. 140ರದ್ದು ಚಪ್ಪಟೆಯಾಗಿ ಹರಡಿ, ಎರಡೂ ಅಂಚಿನಲ್ಲಿ ಕಬ್ಬಿಣ ಕೊರೆದುಹೋಗಿತ್ತು, ಸುತ್ತ ಕಿಡಿಯ ಗುಳ್ಳೆಗಳು. 110 ಮತ್ತು 120ರ ನಡುವೆ ಎಲ್ಲೋ ನನ್ನ ಕೈಗೆ ಸರಿ ಕೂರುವ ಜಾಗ ಸಿಕ್ಕಿತು. ಬೇರೆಯವರ ಕೈಗೆ ಅದು 105 ಇರಬಹುದು, 125 ಇರಬಹುದು. ಕೈಯ ವೇಗ ಒಬ್ಬೊಬ್ಬರದ್ದು ಒಂದೊಂದು. ಅದಕ್ಕೇ ಪಾಕೆಟ್ ಮೇಲೆ ಬರೆದ ಅಂಕಿಯನ್ನು ನಾನು ಶುರು ಮಾಡುವ ಜಾಗ ಅಂತ ಮಾತ್ರ ನೋಡುತ್ತೇನೆ.

ಆರ್ಕ್ ಫೋರ್ಸ್ ಅರ್ಥವಾಗಲು ಇನ್ನೂ ಒಂದು ವಾರ ಹಿಡಿಯಿತು. ರಾಡ್ ಕಬ್ಬಿಣಕ್ಕೆ ತೀರಾ ಹತ್ತಿರ ಹೋದಾಗ ಆರ್ಕ್, ಅಂದರೆ ಅವೆರಡರ ನಡುವೆ ಉರಿಯುವ ಕಿಡಿ, ಗಿಡ್ಡವಾಗುತ್ತದೆ, ವೋಲ್ಟ್ ಇಳಿಯುತ್ತದೆ. ಮಷಿನ್ ಅದನ್ನು ಗುರುತಿಸಿ ಆ ಕ್ಷಣಕ್ಕೆ ಕರೆಂಟ್ ಏರಿಸಿ ರಾಡ್ ಅಂಟದಂತೆ ನೋಡಿಕೊಳ್ಳುತ್ತದೆ. ಗೇಟ್ ಕೆಲಸಕ್ಕೆ ನಾನು ಅದನ್ನು ತೀರಾ ಕಡಿಮೆ ಇಡುತ್ತೇನೆ. ಜಾಸ್ತಿ ಮಾಡಿದರೆ 6013 ಸುಮ್ನೆ ಸಿಡಿಯುತ್ತದೆ, ಪೈಪ್ ಪಕ್ಕದಲ್ಲೆಲ್ಲ ಗುಳ್ಳೆ ಅಂಟುತ್ತದೆ, ಗ್ರೈಂಡರ್ ಕೆಲಸ ಎರಡು ಪಟ್ಟಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೊಡೆಯುವಾಗ, ಜಾಯಿಂಟಿನ ಬುಡದಲ್ಲಿ ರಾಡನ್ನು ಒತ್ತಿ ಹಿಡಿಯಬೇಕಾದಾಗ ಮಾತ್ರ ಏರಿಸುವುದು.

ಮಿಗ್‌ಗೆ ಹೋದಾಗ ನಾನು ಎರಡು ದಿನ ಪೂರ್ತಿ ಕಳೆದುಕೊಂಡೆ. ಮಷಿನ್ ಜೊತೆಗೆ ಒಂದು ಸಣ್ಣ ಸುರುಳಿ ತಂತಿ ಬಂದಿತ್ತು. ಅದು ಫ್ಲಕ್ಸ್ ಕೋರ್. ತಂತಿಯ ಹೊಟ್ಟೆಯೊಳಗೇ ಪುಡಿ ಇರುತ್ತದೆ, ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂತೆ ತಡೆಯಲು ಬೇರೆ ಗ್ಯಾಸ್ ಬೇಡ. ಅದನ್ನು ಪಕ್ಕಕ್ಕಿಟ್ಟು ನಾನು 0.8 ಎಂಎಂ ಗಟ್ಟಿ ತಂತಿ ಹಾಕಿದೆ. ಸಿಓಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರ್ ತಂದೆ, ಮೀಟರನ್ನು ನಿಮಿಷಕ್ಕೆ 12 ಲೀಟರಿಗೆ ಇಟ್ಟೆ. ಟ್ರಿಗರ್ ಒತ್ತಿದರೆ ಪಟಾಕಿ ಸರ ಹೊತ್ತಿಸಿದ ಹಾಗೆ ಸದ್ದು. ಬೀಡ್ ಕಬ್ಬಿಣದ ಮೇಲೆ ಉಂಡೆ ಉಂಡೆಯಾಗಿ ನಿಲ್ಲುತ್ತಿತ್ತು. ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟರೆ ಪೂರ್ತಿ ಕಿತ್ತುಬರುತ್ತಿತ್ತು. ವೋಲ್ಟ್ ಏರಿಸಿದೆ, ಇಳಿಸಿದೆ. ತಂತಿಯ ವೇಗ ಏರಿಸಿದೆ, ಇಳಿಸಿದೆ. ಗ್ಯಾಸ್ ಜಾಸ್ತಿ ಬಿಟ್ಟೆ. ಏನು ಮಾಡಿದರೂ ಅದೇ ಉಂಡೆ.

ತಪ್ಪು ಇದ್ದದ್ದು ಮಷಿನ್ ಮುಂಭಾಗದ ಒಂದು ಗಿಡ್ಡ ಕೇಬಲ್‌ನಲ್ಲಿ. ಮಿಗ್ ಟಾರ್ಚ್‌ಗೆ ಕರೆಂಟ್ ಪ್ಲಸ್‌ನಿಂದ ಬರಬೇಕೋ ಮೈನಸ್‌ನಿಂದಲೋ ಎಂದು ಹೇಳುವುದು ಅದು. ಗ್ಯಾಸ್ ಇಲ್ಲದೆ ಓಡುವ ಆ ಫ್ಲಕ್ಸ್ ಕೋರ್ ತಂತಿಗೆ ಟಾರ್ಚ್ ಮೈನಸ್ ಆಗಿರಬೇಕು. ಮಷಿನ್ ಬಂದದ್ದು ಹಾಗೇ ಜೋಡಿಸಿಕೊಂಡು. ಗ್ಯಾಸ್ ಹಾಕಿ ಗಟ್ಟಿ ತಂತಿ ಓಡಿಸುವಾಗ ಟಾರ್ಚ್ ಪ್ಲಸ್ ಆಗಬೇಕು. ಕೇಬಲನ್ನು ಕಿತ್ತು ಪ್ಲಸ್‌ಗೆ ಚುಚ್ಚಿ, ಅರ್ಥನ್ನು ಮೈನಸ್‌ಗೆ ಹಾಕಿದೆ. ಟ್ರಿಗರ್ ಒತ್ತಿದ ಕೂಡಲೇ ಸದ್ದೇ ಬದಲಾಯಿತು. ಆ ಖುಷಿ ಹೇಗೆ ಹೇಳಲಿ? ಶೆಡ್‌ನಲ್ಲಿ ಒಬ್ಬನೇ ಇದ್ದೆ, ಅಪ್ಪನನ್ನು ಕೂಗಿ ಕರೆದೆ.

ಮಿಗ್‌ನ ಸೆಟ್ಟಿಂಗ್ ನಾನು ಕಲಿತದ್ದು ಕಿವಿಯಿಂದ. ಸರಿ ಕೂತರೆ ಕಾದ ಎಣ್ಣೆಯಲ್ಲಿ ಬಂಗಡೆ ಹುರಿಯುವ ಹಾಗೆ ಚುರುಚುರು ಸದ್ದು ಒಂದೇ ಸಮನೆ ಬರುತ್ತದೆ. ತಂತಿ ಜಾಸ್ತಿ ಬಂದರೆ ಅದು ಕರಗುವ ಮೊದಲೇ ಕಬ್ಬಿಣಕ್ಕೆ ಗುದ್ದುತ್ತದೆ, ಟಾರ್ಚ್ ಹಿಡಿದ ಕೈಯನ್ನು ಹಿಂದಕ್ಕೆ ತಳ್ಳುವುದು ಗೊತ್ತಾಗುತ್ತದೆ. ವೋಲ್ಟ್ ಜಾಸ್ತಿಯಾದರೆ ಚುರುಚುರು ಹೋಗಿ ಬುಸ್ ಎನ್ನುವ ಸದ್ದು. ತಂತಿಯ ತುದಿಯಲ್ಲಿ ದಪ್ಪ ಗುಂಡು ಕಟ್ಟುತ್ತದೆ, ಕೆಲವೊಮ್ಮೆ ತಂತಿ ಹಿಂದಕ್ಕೆ ಉರಿದು ಟಿಪ್‌ಗೇ ಅಂಟಿಕೊಳ್ಳುತ್ತದೆ. 2 ಎಂಎಂ ಪೈಪಿಗೆ ನನ್ನ ಮಷಿನ್‌ನಲ್ಲಿ 17.5 ವೋಲ್ಟ್, ತಂತಿ ನಿಮಿಷಕ್ಕೆ ನಾಲ್ಕೂವರೆ ಮೀಟರ್ ಹತ್ತಿರ ಇಟ್ಟರೆ ಆ ಸದ್ದು ಬರುತ್ತದೆ.

ಇಲ್ಲಿ ಆಂಪಿಯರ್ ಎಲ್ಲಿ ಹೋಯಿತು ಅಂತ ಅಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ನಾನೂ ಅಲ್ಲೇ ಎಡವಿದ್ದು. ಸ್ಟಿಕ್‌ನಲ್ಲಿ ಮಷಿನ್ ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೈ ಸ್ವಲ್ಪ ಮೇಲೆ ಹೋಗಲಿ, ಕೆಳಗೆ ಬರಲಿ, ಆಂಪಿಯರ್ ಹೆಚ್ಚುಕಡಿಮೆ ಅಷ್ಟೇ. ಮಿಗ್‌ನಲ್ಲಿ ಅದು ಹಿಡಿದಿಡುವುದು ವೋಲ್ಟನ್ನು. ಎಷ್ಟು ತಂತಿ ಬರುತ್ತದೋ ಅಷ್ಟನ್ನು ಕರಗಿಸಲು ಬೇಕಾದ ಕರೆಂಟನ್ನು ಮಷಿನ್ ತಾನೇ ಕೊಡುತ್ತದೆ. ತಂತಿಯ ವೇಗ ಏರಿಸುವುದೇ ಆಂಪಿಯರ್ ಏರಿಸುವುದು. ವೋಲ್ಟ್ ಆರ್ಕಿನ ಉದ್ದವನ್ನು ನೋಡಿಕೊಳ್ಳುತ್ತದೆ, ಬೀಡನ್ನು ಅಗಲ ಮಾಡುತ್ತದೆ. ಇದು ತಲೆಗೆ ಹತ್ತಿದ ಮೇಲೆ ಎರಡೂ ನಾಬ್ ಒಟ್ಟಿಗೆ ತಿರುಗಿಸುವ ಅಭ್ಯಾಸ ಬಿಟ್ಟೆ. ಮೊದಲು ಮಾಲಿನ ದಪ್ಪ ನೋಡಿ ತಂತಿಯ ವೇಗ, ಆಮೇಲೆ ಸದ್ದು ಕೇಳುತ್ತಾ ವೋಲ್ಟ್. ಕಾಲು ವೋಲ್ಟ್, ಅರ್ಧ ವೋಲ್ಟ್ ಅಷ್ಟೇ ಬದಲಿಸುವುದು.

ಮಷಿನ್‌ನಲ್ಲಿ ಸಿನರ್ಜಿಕ್ ಅಂತ ಒಂದು ಬಟನ್ ಇದೆ. ತಂತಿಯ ಗಾತ್ರ ಮತ್ತು ಗ್ಯಾಸ್ ಹೇಳಿಕೊಟ್ಟರೆ ವೋಲ್ಟನ್ನು ಅದೇ ಲೆಕ್ಕ ಹಾಕುತ್ತದೆ. ಆತುರದ ಕೆಲಸಕ್ಕೆ ಒಳ್ಳೆಯದೇ. ಆದರೆ ಕಲಿಯುವವರು ಮೊದಲ ತಿಂಗಳು ಅದನ್ನು ಮುಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ. ತಪ್ಪು ಸೆಟ್ಟಿಂಗಿನ ಸದ್ದು ಕೇಳದ ಕಿವಿಗೆ ಸರಿ ಸದ್ದು ಗುರುತು ಸಿಗುವುದಿಲ್ಲ, ಅಲ್ವಾ? ಕರೆಂಟ್ ಎಷ್ಟು ಬೇಗ ಏರಬೇಕು ಎಂದು ಹೇಳುವ ಇಂಡಕ್ಟೆನ್ಸ್ ಸೆಟ್ಟಿಂಗ್ ಕೂಡ ಹೀಗೆಯೇ ತಡವಾಗಿ ಅರ್ಥವಾದದ್ದು. ಏರಿಸಿದರೆ ಆರ್ಕ್ ಮೆತ್ತಗಾಗುತ್ತದೆ, ಸಿಡಿಯುವುದು ಕಡಿಮೆ, ಕರಗಿದ ಕಬ್ಬಿಣ ಚೆನ್ನಾಗಿ ಹರಡುತ್ತದೆ. ಇಳಿಸಿದರೆ ಆರ್ಕ್ ಚುರುಕು. ಸಿಓಟು ಒಂದನ್ನೇ ಬಳಸಿದರೆ ಸಿಡಿತ ಹೇಗೂ ಜಾಸ್ತಿ, ಅದಕ್ಕೆ ನಾನು ಸ್ವಲ್ಪ ಏರಿಸಿಯೇ ಇಡುತ್ತೇನೆ.

ಕರೆಂಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಶಿರಸಿ ಕಡೆ ಒಂದು ಹಳ್ಳಿಯಲ್ಲಿ ಅಡಿಕೆ ಒಣಗಿಸುವ ಅಂಗಳಕ್ಕೆ ಮಾಡು ಹಾಕುವ ಕೆಲಸ ಸಿಕ್ಕಿತ್ತು. ಮನೆಯಿಂದ ಅಂಗಳಕ್ಕೆ ದೂರ, ನನ್ನ ಬಳಿ ಇದ್ದದ್ದು ಉದ್ದದ ತೆಳು ಎಕ್ಸ್‌ಟೆನ್ಶನ್ ವೈರ್. ಅದನ್ನು ಸುರುಳಿ ಬಿಚ್ಚದೆ ಹಾಗೇ ಬಳಸಿದೆ. ಶೆಡ್‌ನಲ್ಲಿ ಸರಿ ಇದ್ದ 110 ಆಂಪಿಯರ್ ಅಲ್ಲಿ ರಾಡ್ ಅಂಟಿಸುತ್ತಿತ್ತು. ಏರಿಸಿದೆ, ಪ್ರಯೋಜನ ಇಲ್ಲ. ಸುರುಳಿ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮನೆಯ ಹೆಗಡೇರು ಮೀಟರ್ ಬೋರ್ಡ್ ಹತ್ತಿರವೇ ಮಷಿನ್ ಇಡಲು ಜಾಗ ಮಾಡಿಕೊಟ್ಟರು. ಎಕ್ಸ್‌ಟೆನ್ಶನ್ ತೆಗೆದು ದಪ್ಪ ವೆಲ್ಡಿಂಗ್ ಕೇಬಲನ್ನೇ ಉದ್ದ ಮಾಡಿದೆ. ಅದೇ 110ರಲ್ಲಿ ರಾಡ್ ಚೆನ್ನಾಗಿ ಓಡಿತು. ಸೆಟ್ಟಿಂಗ್ ಕೆಟ್ಟಿದೆ ಅನಿಸಿದಾಗ ನಾನು ಈಗ ಮೊದಲು ನೋಡುವುದು ಪ್ಲಗ್ ಮತ್ತು ವೈರ್, ಆಮೇಲೆ ಅರ್ಥ್ ಕ್ಲ್ಯಾಂಪ್ ಹಿಡಿದ ಜಾಗದ ತುಕ್ಕು.

ಟಿಗ್ ಕಲಿತದ್ದು ಸ್ಟೀಲ್ ರೇಲಿಂಗ್‌ಗಾಗಿ. ಕಾರವಾರದ ಕೋಡಿಬಾಗ ಕಡೆ ಸಮುದ್ರಕ್ಕೆ ಎದುರಾಗಿರುವ ಮನೆ. ಟಿಗ್‌ಗೆ ಟಾರ್ಚ್ ಮೈನಸ್ ಅನ್ನುವುದು ಗೊತ್ತಿತ್ತು. ಪ್ಲಸ್‌ಗೆ ಹಾಕಿದರೆ ಬಿಸಿಯೆಲ್ಲ ಟಂಗ್‌ಸ್ಟನ್ ಕಡ್ಡಿಗೇ ಹೋಗಿ ತುದಿ ಗುಂಡಾಗುತ್ತದೆ. ಅಷ್ಟು ಸರಿ ಮಾಡಿದೆ. ಆದರೆ ಗ್ಯಾಸ್ ಪೈಪನ್ನು ಮಿಗ್‌ನ ಸಿಓಟು ಸಿಲಿಂಡರಿಗೇ ಸಿಕ್ಕಿಸಿದೆ. ಗ್ಯಾಸ್ ಅಂದರೆ ಗ್ಯಾಸ್ ಅಂದುಕೊಂಡಿದ್ದೆ. ಟಂಗ್‌ಸ್ಟನ್ ತುದಿ ಕಣ್ಣೆದುರೇ ಕಪ್ಪಾಗಿ ತಿಂದುಹೋಯಿತು, ಸ್ಟೀಲ್ ಮೇಲೆ ಮಸಿ. ಟಿಗ್‌ಗೆ ಶುದ್ಧ ಆರ್ಗಾನ್ ಬೇಕೇ ಬೇಕು. ಈಗ ನಿಮಿಷಕ್ಕೆ 8 ಲೀಟರ್ ಬಿಡುತ್ತೇನೆ. ನನ್ನ ಟಾರ್ಚ್‌ನಲ್ಲಿ ಗ್ಯಾಸ್ ವಾಲ್ವ್ ಕೈಯಲ್ಲೇ ತಿರುಗಿಸುವುದು. ಕೆಲಸ ಮುಗಿದ ಮೇಲೂ ಟಾರ್ಚನ್ನು ಅಲ್ಲೇ ಕೆಲವು ಸೆಕೆಂಡ್ ಹಿಡಿದು, ಟಂಗ್‌ಸ್ಟನ್ ಮತ್ತು ಬೀಡ್ ತಣಿದ ಮೇಲೆ ಮುಚ್ಚಬೇಕು.

1.5 ಎಂಎಂ ಸ್ಟೀಲ್ ಪೈಪಿಗೆ 45 ಆಂಪಿಯರ್ ಹತ್ತಿರ. ಇಲ್ಲಿ ಕಿವಿಗೆ ಕೆಲಸ ಕಡಿಮೆ, ಎಲ್ಲ ಕಣ್ಣಿಗೆ. ಬೀಡ್ ತಣಿದಾಗ ತಿಳಿ ಬಂಗಾರದ ಬಣ್ಣ ಬಂದರೆ ಬಿಸಿ ಹದವಾಗಿದೆ. ನೀಲಿ ಬಂದರೆ ಸ್ವಲ್ಪ ಜಾಸ್ತಿ. ಬೂದಿ ಬಣ್ಣಕ್ಕೆ ತಿರುಗಿದರೆ ಸ್ಟೀಲ್ ಸುಟ್ಟಿದೆ, ತುಕ್ಕು ತಡೆಯುವ ಶಕ್ತಿ ಆ ಜಾಗದಲ್ಲಿ ಹೋಗಿದೆ. ಘಟ್ಟದ ಮೇಲೆ ಇದು ಅಷ್ಟು ಬೇಗ ಕಾಣುವುದಿಲ್ಲ. ನಮ್ಮ ಕರಾವಳಿಯ ಉಪ್ಪು ಗಾಳಿಯಲ್ಲಿ ಒಂದು ಮಳೆಗಾಲ ಕಳೆಯುವುದರೊಳಗೆ ಕಂದು ಚುಕ್ಕೆ ಏಳುತ್ತದೆ. ಸಮುದ್ರದ ಎದುರಿನ ಮನೆಗೆ ಮಾಮೂಲಿ 304 ದರ್ಜೆಯ ಸ್ಟೀಲಿನ ಬದಲು ಉಪ್ಪನ್ನು ಹೆಚ್ಚು ತಡೆಯುವ 316 ಹಾಕಿಸಿ ಎಂದು ನಾನು ಗಿರಾಕಿಗಳಿಗೆ ಒತ್ತಾಯ ಮಾಡಿಯೇ ಹೇಳುತ್ತೇನೆ. ಕಬ್ಬಿಣ ಉಜ್ಜಿದ ಬ್ರಷ್ಷನ್ನು ಸ್ಟೀಲಿಗೆ ತಾಗಿಸುವುದೇ ಇಲ್ಲ, ಅದಕ್ಕೆ ಬೇರೆ ಬ್ರಷ್ ಇದೆ. ಅಲ್ಯೂಮಿನಿಯಂ ತಂದವರನ್ನು ವಾಪಸ್ ಕಳಿಸುತ್ತೇನೆ. ಅದರ ಮೇಲಿನ ಪೊರೆ ಕರಗಲು 2000 ಡಿಗ್ರಿಗೂ ಜಾಸ್ತಿ ಬೇಕು, ಒಳಗಿನ ಲೋಹ 660 ಡಿಗ್ರಿಗೇ ಕರಗುತ್ತದೆ. ಆ ಪೊರೆ ಒಡೆಯಲು ಎಸಿ ಟಿಗ್ ಬೇಕು. ನನ್ನದು ಡಿಸಿ ಮಾತ್ರ.

ಮೂರೂ ಮೋಡ್ ಕಲಿತೆ ಅಂದುಕೊಂಡ ಹೊತ್ತಿಗೆ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಿಂದ ಕರೆ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ರಿಪೇರಿ ಎಲ್ಲ ಆಗಲೇ. ಒಂದು ಟ್ರಾಲ್ ಬೋಟಿನ ವಿಂಚ್ ಬುಡದ ಪ್ಲೇಟ್ ಬಿರುಕು ಬಿಟ್ಟಿತ್ತು. 10 ಎಂಎಂ ಪ್ಲೇಟ್. ಬಲೆ ಎಳೆಯುವ ಭಾರವೆಲ್ಲ ಅದರ ಮೇಲೆ.

ಮಿಗ್ ಬೇಗ ಆಗುತ್ತದೆ ಎಂದು ಸಿಲಿಂಡರ್ ಸಮೇತ ಹೋದೆ. ಬೋಟ್ ಮೇಲೆ ನಿಂತರೆ ಗಾಳಿ. ತಾಡಪಾಲು ಕಟ್ಟಿದರೂ ನಿಲ್ಲದ ಗಾಳಿ. ಪರೀಕ್ಷೆಗೆ ಒಂದು ಗೆರೆ ಹೊಡೆದೆ, ಬೀಡ್ ತುಂಬ ಸೂಜಿ ತೂತು, ಒಳ್ಳೆ ದೋಸೆಯ ಹಾಗೆ. ಗ್ಯಾಸನ್ನು 20 ಲೀಟರಿಗೆ ಏರಿಸಿದೆ, ಆಗಲೂ ಹಾಗೇ. ರಭಸ ಜಾಸ್ತಿಯಾದರೆ ಗ್ಯಾಸ್ ಸುಳಿಯಾಗಿ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮಾಮನಿಗೆ ಫೋನ್ ಮಾಡಿದೆ. "ವಿಂಚಿಗೆ ಮಿಗ್ ಯಾಕೆ ತಮಾ? 7018 ತಗೋ, ಸ್ಟಿಕ್‌ಗೆ ಹಾಕು. ರಾಡ್ ಒಣಗಿದ್ದು ಇರಲಿ" ಎಂದರು.

ಆ ಕೊನೆಯ ಮಾತೇ ಕಷ್ಟದ್ದು. ಜೂನ್ ತಿಂಗಳ ಕಾರವಾರದಲ್ಲಿ ಒಣಗಿದ್ದು ಏನಿದೆ? 6013 ರಾಡುಗಳನ್ನು ನಾವು ಒಂದು ಮರದ ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ ಇಡುತ್ತೇವೆ, ಅದಕ್ಕೆ ಅಷ್ಟು ಸಾಕು. ಭಾರ ಹೊರುವ ಕೆಲಸದ 7018 ರಾಡಿಗೆ ಸಾಲದು. ಅದರ ಮೇಲಿನ ಲೇಪ ತೇವ ಎಳೆದುಕೊಂಡರೆ ಆ ತೇವದ ಹೈಡ್ರೋಜನ್ ವೆಲ್ಡಿಂಗ್ ಒಳಗೆ ಸೇರುತ್ತದೆ, ಆಮೇಲೆ ಒಳಗಿಂದೊಳಗೇ ಬಿರುಕು. ತೇವ ಹಿಡಿದ ರಾಡನ್ನು 300 ಡಿಗ್ರಿಗೂ ಮೇಲೆ ಒಂದೆರಡು ತಾಸು ಬೇಯಿಸಬೇಕು. ಮರುದಿನ ಬೆಳಗ್ಗೆಯೇ ಪರಿಚಯದ ಒಂದು ವರ್ಕ್‌ಶಾಪ್‌ನ ಓವನ್‌ನಲ್ಲಿ ಬೇಯಿಸಿ, ಬಿಸಿ ಡಬ್ಬಿಯಲ್ಲಿ ಹಾಕಿಕೊಂಡು ಬೋಟಿಗೆ ಹೋದೆ. ಒಂದೊಂದೇ ತೆಗೆದು ಬಳಸಿದೆ.

ಬೋಟಿನ ಬ್ಯಾಟರಿ ವೈರ್ ಬಿಚ್ಚಿಸಿದೆ. ಅರ್ಥ್ ಕ್ಲ್ಯಾಂಪನ್ನು ಬಿರುಕಿನ ಪಕ್ಕದಲ್ಲೇ, ಗ್ರೈಂಡರ್ ಹೊಡೆದು ಬಿಳಿ ಮಾಡಿದ ಜಾಗಕ್ಕೆ ಹಿಡಿಸಿದೆ. ದೂರ ಹಾಕಿದರೆ ಕರೆಂಟ್ ವಿಂಚಿನ ಬೇರಿಂಗ್ ಮೂಲಕ ಹಾದು ಅದನ್ನು ಹಾಳು ಮಾಡಬಹುದು. ಕಾಲ ಕೆಳಗೆ ಒಣ ಹಲಗೆ, ಕೈಗೆ ಒಣ ಗ್ಲೌಸ್. ರಾಡ್ ಬದಲಿಸುವ ಹೊತ್ತಿಗೆ ಹೋಲ್ಡರಿನಲ್ಲಿ 60–70 ವೋಲ್ಟ್ ನಿಂತಿರುತ್ತದೆ. ಒದ್ದೆ ಮೈಗೆ ಅದು ಸಣ್ಣದಲ್ಲ. ಬಿರುಕನ್ನು ಕೊನೆಯವರೆಗೂ ಗ್ರೈಂಡರಿನಲ್ಲಿ ಕೊರೆದು ವಿ ಆಕಾರ ಮಾಡಿದೆ. ಬಿರುಕು ಮುಂದೆ ಓಡದಂತೆ ಅದರ ತುದಿಗೆ ಒಂದು ಸಣ್ಣ ತೂತು ಕೊರೆದೆ.

ಹೋಲ್ಡರ್ ಪ್ಲಸ್‌ಗೆ. ಗೇಟ್ ಕೆಲಸದಲ್ಲಿ ಸೊನ್ನೆಗೆ ಇಡುವ ಹಾಟ್ ಸ್ಟಾರ್ಟ್ ಇಲ್ಲಿ 40ಕ್ಕೆ. ಆರ್ಕ್ ಫೋರ್ಸ್ ನಡುವಿಗೆ. 3.15 ರಾಡಿಗೆ ಚಪ್ಪಟೆ ಭಾಗದಲ್ಲಿ 118, ಕೆಳಗಿನಿಂದ ಮೇಲೆ ಏರುವ ಭಾಗದಲ್ಲಿ 102. ಮೇಲೇರುವಾಗ ಕರಗಿದ ಕಬ್ಬಿಣ ಜಾರಿ ಕೆಳಗೆ ಬೀಳದಿರಲಿ ಎಂದು ಇಳಿಸಿದ್ದು. 7018ಕ್ಕೆ ಆರ್ಕ್ ಗಿಡ್ಡವಾಗಿಯೇ ಇರಬೇಕು. ರಾಡ್ ಎಳೆದು ಹಿಡಿದರೆ ತೂತು ಬೀಳುತ್ತದೆ. ಒಂದರ ಮೇಲೊಂದು ಮೂರು ಸುತ್ತು ಹೊಡೆದೆ, ಪ್ರತಿ ಸುತ್ತಿಗೂ ಸ್ಲಾಗ್ ಪೂರ್ತಿ ತೆಗೆದು ಬ್ರಷ್ ಹಾಕಿದೆ. ಸಂಜೆಯಾಗಿತ್ತು. ಬೋಟ್ ನಡೆಸುವ ತಾಂಡೇಲರು ಟಾರ್ಚ್ ಲೈಟ್ ಬಿಟ್ಟು ಉದ್ದಕ್ಕೂ ಬೆರಳಾಡಿಸಿ ನೋಡಿದರು. ಏನೂ ಹೇಳಲಿಲ್ಲ. ಪಕ್ಕದ ಬೋಟಿನವರನ್ನು ಕೂಗಿ, ಅವರ ಗ್ಯಾಲೋಸಿನ, ಅಂದರೆ ಬಲೆಯ ಹಗ್ಗ ಹಾಯುವ ಕಬ್ಬಿಣದ ಚೌಕಟ್ಟಿನ ಬುಡವನ್ನೂ ನೋಡಿ ಹೋಗಲು ನನಗೆ ಹೇಳಿದರು.

ಈಗ ಶೆಡ್‌ನ ತಗಡಿನ ಗೋಡೆಯ ಮೇಲೆ ಚಾಕ್‌ನಲ್ಲಿ ಮೋಡಿಗೊಂದರಂತೆ ಮೂರು ಸಾಲು ಬರೆದಿಟ್ಟಿದ್ದೇನೆ. ಮೋಡ್, ಟಾರ್ಚ್ ಪ್ಲಸ್ಸೋ ಮೈನಸ್ಸೋ, ಯಾವ ಗ್ಯಾಸ್, ಆಮೇಲೆ ಅಂಕಿ. ಮೊನ್ನೆ ಅಪ್ಪ ಒಂದು ಕಿಟಕಿ ಗ್ರಿಲ್ ಹಿಡಿದು ಹೊಸ ಮಷಿನ್ ಮುಂದೆ ಕೂತಿದ್ದರು. ನಾನು ಒಳಗಿನಿಂದಲೇ "50ಕ್ಕೆ ಇಡಿ ಅಪ್ಪಾ" ಎಂದು ಕೂಗಿದೆ. ಅವರು ಗೋಡೆ ನೋಡುತ್ತಾ, "ಅದು ಆಮೇಲೆ. ಹೋಲ್ಡರ್ ಈಗ ಎಲ್ಲಿಗೆ ಸಿಕ್ಕಿಸಿದ್ದೀಯ ಹೇಳು" ಎಂದರು.